ಏಪ್ರಿಲ್ ಬಿಸಿಲಿಗೆ ಪಾಲಕ್ ದಂಟು ಬಿಡ್ತಿದೆ, ಏನು ಮಾಡೋದು?

ತಾರಸಿ ತೋಟ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಗ್ರೋಬ್ಯಾಗಿನ ಪಾಲಕ್ ಅಂಗೈ ಅಗಲ ಎಲೆ ಬಿಡ್ತಿತ್ತು. ಈಗ ಹಾಕಿದ್ದು ಎಲೆ ಸಣ್ಣಗಾಗಿ, ನಡುವಿನಿಂದ ದಂಟು ಎದ್ದು ನಿಂತಿದೆ. ಕೆಲವು ಎಲೆ ಮೇಲೆ ಬಿಳಿ ಗೆರೆ ಬೇರೆ, ಪೆನ್ಸಿಲಿನಲ್ಲಿ ಗೀಚಿದ ಹಾಗೆ. ಮನೇಲಿ ಚಿಕ್ಕ ಮಗು ಇದೆ, ರಾಸಾಯನಿಕ ಹೊಡೆಯೋಕೆ ಮನಸ್ಸಿಲ್ಲ. ಕಿತ್ತು ಹಾಕಲಾ?

ಹಿತ್ತಲಗಾರ, ಮೈಸೂರು:
ದಂಟು ಎದ್ದ ಗಿಡದ ಆಸೆ ಬಿಡಿ ಮೇಡಂ. ಸೆಕೆ ಜಾಸ್ತಿಯಾಗಿ ಹಗಲೂ ಉದ್ದ ಆದಾಗ ಪಾಲಕ್ ಹೂವಿಗೆ ಹೊರಡುತ್ತೆ, ಆಮೇಲೆ ಎಷ್ಟು ಗೊಬ್ಬರ ಸುರಿದರೂ ಎಲೆ ಅಗಲ ಆಗಲ್ಲ. ಇನ್ನೂ ದಂಟು ಬಿಡದ ಗಿಡಗಳಿಗೆ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಶೇಡ್ ನೆಟ್ ಇಲ್ಲದಿದ್ರೆ ಹಳೇ ಕಾಟನ್ ಸೀರೆ ಕಟ್ಟಿದರೂ ನಡೆಯುತ್ತೆ.
ಬಿಳಿ ಗೆರೆ ರಂಗೋಲಿ ಹುಳುವಿನ ಕೆಲಸ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಗೆರೆ ದಪ್ಪಗಾಗಿರುವ ತುದಿಯಲ್ಲಿ ಪುಟ್ಟ ಮರಿಹುಳು ಕಾಣಬಹುದು. ಅದು ಎಲೆಯ ಎರಡು ಪದರದ ಮಧ್ಯೆ ಕೂತು ತಿನ್ನೋದರಿಂದ ಮೇಲೆ ಏನು ಸಿಂಪಡಿಸಿದರೂ ಸುಲಭಕ್ಕೆ ತಾಗಲ್ಲ. ಅಂಥ ಎಲೆ ಕಿತ್ತು ಕವರಿನಲ್ಲಿ ಕಟ್ಟಿ ಎಸೆಯಿರಿ, ಕಾಂಪೋಸ್ಟಿಗೆ ಬೇಡ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಅಡುಗೆಗೆ ಬಳಸಿ.

ಬಸಳೆ ಚಪ್ಪರ, ಉಡುಪಿ:
ಬೇಸಿಗೆಗೆ ಪಾಲಕ್ ಯಾಕೆ ಅಕ್ಕ, ಬಸಳೆ ಹಾಕಿ! ಬೀಜವೂ ಬೇಡ. ಮಾರ್ಕೆಟಿನಿಂದ ತಂದ ಕಟ್ಟಿನಲ್ಲಿ ಬಲಿತ ದಂಟು ಆರಿಸಿ, ಎರಡು ಮೂರು ಗಿಣ್ಣು ಇರುವಷ್ಟು ಕತ್ತರಿಸಿ, ಒಂದು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ನೆಡಿ. ಸೆಕೆ ಅಂದ್ರೆ ಅದಕ್ಕೆ ಖುಷಿ. ನೀರು ಮಾತ್ರ ತಪ್ಪಿಸಬೇಡಿ, ಹಬ್ಬೋಕೆ ಗ್ರಿಲ್ಲೋ ಹಗ್ಗವೋ ಕೊಡಿ. ಹಲಸಿನ ಬೀಜ ಹಾಕಿ ಬಸಳೆ ಕೊದ್ದೆಲ್ ಮಾಡಿದರೆ ಮತ್ತೆ ಬೇರೆ ಸೊಪ್ಪು ಕೇಳಲ್ಲ ನೀವು.

ತಾರಸಿ ತೋಟ, ಬೆಂಗಳೂರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಸಳೆ ಇವತ್ತೇ ತರ್ತೀನಿ. ಆದರೆ ಮಗುವಿಗೆ ಪಾಲಕ್ ಅಂದ್ರೆ ಪ್ರಾಣ, ಮತ್ತೆ ಯಾವಾಗ ಬಿತ್ತಲಿ? ಒಂದು ಕಾಳು ಹಾಕಿದ ಕಡೆ ಮೂರು ಮೊಳಕೆ ಬರ್ತಿತ್ತು, ಅದು ಸರೀನಾ?

ಹಿತ್ತಲಗಾರ, ಮೈಸೂರು:
ಸರಿಯೇ. ನಮ್ಮ ಪಾಲಕ್ ಬೀಟ್‌ರೂಟಿನ ಜಾತಿ, ಆ ಒರಟು ಕಾಳಿನೊಳಗೆ ಒಂದಕ್ಕಿಂತ ಜಾಸ್ತಿ ಬೀಜ ಇರುತ್ತೆ. ಗಟ್ಟಿಮುಟ್ಟಾದ ಒಂದನ್ನು ಬಿಟ್ಟು ಉಳಿದದ್ದು ಎಳೆಯದರಲ್ಲೇ ಕಿತ್ತು ಸಾರಿಗೆ ಹಾಕಿ. ಜೋರು ಮಳೆ ಕಮ್ಮಿಯಾದ ಮೇಲೆ, ಅಕ್ಟೋಬರ್ ಹೊತ್ತಿಗೆ ಬಿತ್ತಿ. ರಾತ್ರಿ ನೆನೆಸಿದರೆ ಬೇಗ ಮೊಳೆಯುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮ ತಳಿ ಸಿಕ್ಕರೆ ಅದನ್ನೇ ತಗೊಳ್ಳಿ. ಕೊಯ್ಯುವಾಗ ಬುಡ ಕೀಳಬೇಡಿ, ಎರಡು ಇಂಚು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತೆ.