ಬೋರ್ಡಿಗೆ ‘ಉತ್ಕರ್ಷಣ ಒತ್ತಡ’ ಬೇಡ, ‘ಉಪಟಳ’ ಹಾಕಿ

ವಯಸ್ಸಾದಂತೆ ಸ್ನಾಯು ಯಾಕೆ ಸೋಲುತ್ತದೆ ಅಂತ ತಿಳಿಸುವ ಫಿಸಿಯೋಥೆರಪಿ ಕೋಣೆಯ ಬೋರ್ಡಿಗೆ ಯಾವ ಕನ್ನಡ ಪದ ಹಾಕುವುದು ಅಂತ ಕೇಳಿದ್ದೀರಿ. ನಾಳೆ ಬೆಳಿಗ್ಗೆ ಅದು ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ: ಆಮ್ಲಜನಕದಿಂದ ಹುಟ್ಟುವ ಚುರುಕು ಕಣಗಳು ಮಿತಿಮೀರಿ ಜೀವಕೋಶಕ್ಕೆ ಹಾನಿ ಮಾಡುವ ಆಕ್ಸಿಡೇಟಿವ್ ಸ್ಟ್ರೆಸ್‌ಗೆ ‘ಆಮ್ಲಜನಕದ ಉಪಟಳ’.

ಕರಡಿನಲ್ಲಿದ್ದ ‘ಉತ್ಕರ್ಷಣ’ (ಆಕ್ಸಿಡೇಶನ್) ರಸಾಯನಶಾಸ್ತ್ರದ ಪಾಠಕ್ಕೆ ಸರಿ. ನಿಮ್ಮ ಕರಡನ್ನು ನಿನ್ನೆ ಅಮ್ಮನಿಗೆ ಓದಲು ಕೊಟ್ಟೆ. ವಯಸ್ಸು 74, ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು, ಬೋರ್ಡು ಇರುವುದೇ ಅಂಥವರಿಗೆ ಅಲ್ವಾ? “ಉತ್ಕರ್ಷ ಅಂದ್ರೆ ಏಳಿಗೆ. ಏಳಿಗೆ ಆದ್ರೆ ಕಾಲು ಯಾಕೆ ಸೋಲ್ತದೆ?” ಅಂತ ಕೇಳಿದರು. ‘ಒತ್ತಡ’ ಕಂಡ ಕೂಡಲೇ ಬಿಪಿ ಅಂದುಕೊಂಡರು.

ಅದೇ ಜಾಗಕ್ಕೆ ‘ತುಕ್ಕು’ ಸೂಚಿಸಿದವರಿಗೆ: ಮಲ್ಪೆಯ ಗಾಳಿಗೆ ಗೇಟು ತುಕ್ಕು ಹಿಡಿಯುವುದು ನಾವೆಲ್ಲ ನೋಡಿದ್ದೇ. ಆದರೆ ತುಕ್ಕು ಎಷ್ಟಿದ್ದರೂ ಕೆಟ್ಟದ್ದು. ಸ್ನಾಯುವಿನಲ್ಲಿ ಹಾಗಲ್ಲ. ಜೀವಕೋಶದೊಳಗಿನ ಪುಟ್ಟ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಾ ಶಕ್ತಿ ತಯಾರಿಸುವಾಗ ಒಂದಿಷ್ಟು ಎಲೆಕ್ಟ್ರಾನ್ ಸೋರಿ ಆಮ್ಲಜನಕಕ್ಕೆ ಅಂಟಿ ಸೂಪರಾಕ್ಸೈಡ್ ಎಂಬ ಚುರುಕು ಕಣ ಆಗುತ್ತದೆ. ವ್ಯಾಯಾಮ ಮಾಡುವಾಗ ಹುಟ್ಟುವ ಇಂಥವು ಸ್ವಲ್ಪ ಇದ್ದರೆ, ಹೊಸ ಮೈಟೋಕಾಂಡ್ರಿಯಾ ಕಟ್ಟು ಅಂತ ಸ್ನಾಯುವಿಗೆ ಸುಳಿವು ಕೊಡುವುದೂ ಅವೇ. ದೇಹ ತಡೆಯುವ ಶಕ್ತಿಯನ್ನು ಮೀರಿದಾಗ ಹಾನಿ. 1985ರಲ್ಲಿ ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ ಆಕ್ಸಿಡೇಟಿವ್ ಸ್ಟ್ರೆಸ್‌ಗೆ ಕೊಟ್ಟ ಅರ್ಥವೂ ಸಮತೋಲ ತಪ್ಪುವುದು ಅಂತಲೇ. ತೋಟಕ್ಕೆ ಎರಡು ಮಂಗ ಬಂದರೆ ಯಾರೂ ಉಪಟಳ ಅನ್ನುವುದಿಲ್ಲ, ಹಿಂಡು ಬಂದು ಬೊಂಡ ಉದುರಿಸಿದರೆ ಅನ್ನುತ್ತೇವೆ. ಮಿತಿ ಮೀರಿದ್ದು ಅನ್ನುವುದು ಆ ಪದದೊಳಗೇ ಇದೆ.

ಮೈಟೋಕಾಂಡ್ರಿಯಾಕ್ಕೆ ‘ನೂಲುಕಣ’ ಬೇಡವೇ ಬೇಡ. 1898ರಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಬೆಂಡಾ ಕಣ್ಣಿಗೆ ನೂಲಿನ ಹಾಗೆ, ಕಾಳಿನ ಹಾಗೆ ಕಂಡಿತು, ಗ್ರೀಕಿನಿಂದ ಹೆಸರಿಟ್ಟರು. ಅದನ್ನು ಕನ್ನಡಕ್ಕೆ ತಂದರೆ ರೋಗಿಗೆ ಏನು ತಿಳಿಯಿತು? ಸುಮ್ನೆ ಮೈಟೋಕಾಂಡ್ರಿಯಾ ಅಂತಲೇ ಇರಲಿ. ಎರವಲೇ ಕೂಡದು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಮಂಗಳೂರಿನ ಅಡುಗೆಮನೆಯ ಬಟಾಟೆ, ಬಾಗಿಲ ಚಾವಿ ಎರಡೂ ಪೋರ್ಚುಗೀಸಿನಿಂದ ಬಂದವು, ಈಗ ನಮ್ಮವೇ. ಉತ್ಕರ್ಷಣವೂ ಸಂಸ್ಕೃತದ ಎರವಲೇ.

‘ಅಸ್ಥಿಸ್ನಾಯು’ ಬಿಡಿ, ಕೈಕಾಲಿನ ಸ್ನಾಯು ಸಾಕು. ‘ಕ್ಷೀಣತೆ’ಯ ಜಾಗದಲ್ಲಿ ‘ಸೊರಗು’. ಸಾಲು ಹೀಗೆ:

“ವಯಸ್ಸಾದಂತೆ ಕೈಕಾಲಿನ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಾ ಸೊರಗುತ್ತವೆ, ಆಮ್ಲಜನಕದ ಉಪಟಳ ಜಾಸ್ತಿಯಾಗುತ್ತದೆ. ದಿನಾ ನಡೆಯಿರಿ.”

ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಕ್ಸಿಡೇಟಿವ್ ಸ್ಟ್ರೆಸ್’ ಅಂತಲೂ ಹಾಕಿ, ಡಾಕ್ಟರ ಬಾಯಲ್ಲಿ ಕೇಳುವುದು ಅದನ್ನೇ.