ಸಹಾಯ ಬೇಕು: ಕೂಲೆಂಟ್ ಟ್ಯಾಂಕ್ ಮತ್ತೆ ಸೋರುತ್ತಿದೆ, ಅಲ್ಯೂಮಿನಿಯಂದು ಹಾಕಿಸಲಾ?

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಡೀಸೆಲ್ ಕಾರು. ಮೂರು ವರ್ಷದಲ್ಲಿ ಎರಡನೇ ಸಲ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಟ್ಯಾಂಕ್ ಸೋರುತ್ತಿದೆ.

ಹೋದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ಗುಂಡ್ಯ ದಾಟಿ ಪಕ್ಕಕ್ಕೆ ನಿಲ್ಲಿಸಿ, ಮುಕ್ಕಾಲು ಗಂಟೆ ಆರಲು ಬಿಟ್ಟು ನೋಡಿದೆ. ಟ್ಯಾಂಕಿನ ಎರಡು ಹೋಳು ಕೂಡುವ ಗೆರೆಯಲ್ಲಿ ಗುಲಾಬಿ ಬಣ್ಣದ ಹುಡಿ ಕಟ್ಟಿತ್ತು. ಬೆರಳಿಟ್ಟರೆ ಅಂಟಂಟು. ಕುಡಿಯಲು ತಂದಿದ್ದ ನೀರನ್ನೇ ಸುರಿದು ಹೇಗೋ ಸಕಲೇಶಪುರ ಸೇರಿದೆ. ಮೆಕ್ಯಾನಿಕ್ ಹಚ್ಚಿದ ಎಪಾಕ್ಸಿ ಅಂಟು ಆ ಬಿಸಿಗೆ, ಪ್ರೆಶರಿಗೆ ನಾಲ್ಕು ದಿನವೂ ನಿಲ್ಲಲಿಲ್ಲ.

ಅದೇ ಪ್ಲಾಸ್ಟಿಕ್ ಟ್ಯಾಂಕಿಗೆ ಮತ್ತೆ ದುಡ್ಡು ಸುರಿಯಲು ಮನಸ್ಸಿಲ್ಲ. ವೆಲ್ಡ್ ಮಾಡಿದ ಅಲ್ಯೂಮಿನಿಯಂ ಟ್ಯಾಂಕ್ ಹಾಕಿಸೋಣ ಅಂತಿದ್ದೇನೆ. ಆದರೆ ಕೂಲೆಂಟ್ ಎಷ್ಟಿದೆ ಅಂತ ಹೊರಗಿನಿಂದ ಕಾಣುವುದಿಲ್ಲ ಅಲ್ವಾ? ಲೆವೆಲ್ ಸೆನ್ಸರ್ ಕೂರಲು ಜಾಗ ಇರುತ್ತದಾ? ಹಳೇ ಮುಚ್ಚಳದ ಮೇಲೆ 1.4 ಬಾರ್ ಅಂತಿದೆ. ಅದೇ ಕೂರುತ್ತದಾ? ಜಾಸ್ತಿ ಪ್ರೆಶರಿನದು ಹಾಕಿದರೆ ಹೋಸ್ ಬಿರಿಯುವ ಭಯ. ಅಥವಾ ತಪ್ಪೆಲ್ಲ ಹೆಚ್ಚಾದ ಪ್ರೆಶರ್ ಹೊರಬಿಡುವ ಮುಚ್ಚಳದ ವಾಲ್ವಿನದೇ ಆಗಿದ್ದು, ನಾನು ಸುಮ್ನೆ ಟ್ಯಾಂಕ್ ಬದಲಿಸುತ್ತಿದ್ದೇನಾ?

ಹಾಸನ, ಮಂಗಳೂರು ಕಡೆ ಹಾಕಿಸಿದವರು ಇದ್ದರೆ ಫೋಟೋ, ಖರ್ಚು ತಿಳಿಸಿ. ಅಲ್ಲಿಯವರೆಗೆ ಡಿಕ್ಕಿಯಲ್ಲಿ ಐದು ಲೀಟರ್ ಕ್ಯಾನ್ ಇಟ್ಟುಕೊಂಡೇ ಓಡಾಟ.