ಬಾಯಿಮಾತಿನ ಆದೇಶಕ್ಕೆ ಪುಸ್ತಕ ಒಳಗಿಡಬೇಕೇ?

ಕಾಳೀತೀರ (ಕಾರವಾರ):
ಪದವಿ ಕಾಲೇಜಿನ ಗ್ರಂಥಾಲಯ. ಗಡಿ ವಿವಾದದಲ್ಲಿ ಮಹಾರಾಷ್ಟ್ರದ ವಾದ ಮಂಡಿಸುವ ಪುಸ್ತಕವೊಂದನ್ನು ತೆಗೆಯಿರಿ ಎಂದು ಸಂಘಟನೆಯೊಂದರ ಪತ್ರ ಬಂದಿದೆ. ಯಾರ‍್ಯಾರಿಗೆ ಇಶ್ಯೂ ಆಗಿದೆ ಎಂಬ ಪಟ್ಟಿಯನ್ನೂ ಕೇಳಿದ್ದಾರೆ. ಪ್ರಾಂಶುಪಾಲರು "ಸದ್ಯ ಒಳಗಿಡಿ, ಗಲಾಟೆ ಬೇಡ" ಎನ್ನುತ್ತಾರೆ, ಬರೆದು ಕೊಡುವುದಿಲ್ಲ. ಪುಸ್ತಕಕ್ಕೆ ನಿಷೇಧವಿಲ್ಲ.

ಘಟ್ಟದಮೇಲೆ (ಶಿರಸಿ):
ಮೊದಲು, ಪಟ್ಟಿ ಕೊಡಬೇಡಿ. ಮರಳಿ ಬಂದ ಪುಸ್ತಕಗಳ ಹಳೇ ದಾಖಲೆಯಿಂದ ಓದುಗರ ಹೆಸರು ಅಳಿಸುವ ಸೌಲಭ್ಯ ಗ್ರಂಥಾಲಯ ತಂತ್ರಾಂಶವಾದ ಕೋಹಾದಲ್ಲೇ ಇದೆ. ಆದರೆ ಪತ್ರ ಬಂದ ಮೇಲೆ ಅಳಿಸಿದರೆ ಬೇರೆಯೇ ಅರ್ಥ ಬರುತ್ತದೆ. ವರ್ಷಕ್ಕೊಮ್ಮೆ ಸ್ಟಾಕ್ ತಪಾಸಣೆಯ ಜೊತೆ ಅಳಿಸುವಂತೆ ಮುಂದಕ್ಕೆ ನಿಯಮ ಮಾಡಿಸಿ.

ಪ್ರಾಂಶುಪಾಲರಿಗೆ ಅರ್ಧ ಪುಟದ ಟಿಪ್ಪಣಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಅಕ್ಸೆಷನ್ ನಂಬರ್ (ಗ್ರಂಥಾಲಯದಲ್ಲಿ ಪುಸ್ತಕದ ದಾಖಲೆ ಸಂಖ್ಯೆ), ಯಾವ ವಿಭಾಗದ ಶಿಫಾರಸಿನಿಂದ ಕೊಂಡದ್ದು, ಬಿಲ್ ದಿನಾಂಕ ಬರೆದು, "ತಾವು ಮೌಖಿಕವಾಗಿ ಸೂಚಿಸಿದ್ದೀರಿ, ಲಿಖಿತ ಆದೇಶಕ್ಕೆ ಕಾಯುತ್ತಿದ್ದೇನೆ" ಎಂದು ಮುಗಿಸಿ. ಸಹಿ ಹಾಕಬೇಕೆಂದಾಗ ಇಂಥ ಎಷ್ಟೋ ಆದೇಶಗಳು ಅಲ್ಲೇ ತಣ್ಣಗಾಗುತ್ತವೆ. ದೂರು ಕೊಟ್ಟವರಿಗೂ ಒಂದು ನಮೂನೆ ಕೊಡಿ: ಪೂರ್ತಿ ಓದಿದ್ದೀರಾ, ಯಾವ ಪುಟದ ಬಗ್ಗೆ ಆಕ್ಷೇಪ, ಏನಾಗಬೇಕು? ಗ್ರಂಥಾಲಯ ಸಮಿತಿ ತೀರ್ಮಾನಿಸುವ ತನಕ ಪುಸ್ತಕ ತನ್ನ ಜಾಗದಲ್ಲೇ ಇರಲಿ.

ಕಲಂ‌ಕಪಾಟು (ಕುಮಟಾ):
ಸಂಘಟನೆಯ ಪತ್ರಕ್ಕೆ ಕಾನೂನಿನ ಬಲವಿಲ್ಲ. ಮುಟ್ಟುಗೋಲು ಹಾಕಲು ರಾಜ್ಯ ಸರ್ಕಾರ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 98ನೇ ಕಲಂ (ಹಿಂದಿನ ಸಿಆರ್‌ಪಿಸಿ 95) ಅಡಿ ಕಾರಣ ತಿಳಿಸಿ ಅಧಿಸೂಚನೆ ಹೊರಡಿಸಬೇಕು. ಆಮೇಲೂ ಶೋಧಕ್ಕೆ ಮ್ಯಾಜಿಸ್ಟ್ರೇಟರ ವಾರಂಟ್ ಬೇಕು, ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನ ದರ್ಜೆಯವರಿಗೆ ಅಧಿಕಾರವಿಲ್ಲ. ಒಯ್ದರೆ ಪಂಚನಾಮೆಯ ಪ್ರತಿ ಕೇಳಿ. ಅಧಿಸೂಚನೆ ಪ್ರಕಟವಾದ 2 ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, 3 ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತದೆ. ಹಾಗಂತ ಕೋರ್ಟು ಸದಾ ಪುಸ್ತಕದ ಪರ ಎಂದುಕೊಳ್ಳಬೇಡಿ. ಕನ್ನಡದ 'ಧರ್ಮಕಾರಣ' ಕಾದಂಬರಿಯ ಮುಟ್ಟುಗೋಲನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಕಾಳೀತೀರ:
ಪುಟ ಹರಿಯುವ ಭಯವೂ ಇದೆ. ಬೀರುವಿನಲ್ಲಿಟ್ಟು ಕೇಳಿದವರಿಗೆ ಕೊಟ್ಟರೆ?

ಘಟ್ಟದಮೇಲೆ:
ಆ ಭಯವಿದ್ದರೆ ಕೌಂಟರ್ ಹಿಂದಿನ ರೆಫರೆನ್ಸ್ ಸಾಲಿಗೆ ತನ್ನಿ, 'ಹೊರಗೆ ಕೊಡುವುದಿಲ್ಲ' ಎಂದು ಗುರುತು ಹಾಕಿ. ಆನ್‌ಲೈನ್ ಕ್ಯಾಟಲಾಗಿನಿಂದ ಮಾತ್ರ ಮರೆಮಾಡಬೇಡಿ. ಹುಡುಕಿದರೆ ಸಿಗದ ಪುಸ್ತಕವನ್ನು ಕೇಳುವವರಾದರೂ ಯಾರು? ಇನ್ನು ಬೀಗ ಹಾಕಿದ ಉಕ್ಕಿನ ಬೀರು, ಅದೂ ಕಾರವಾರದ ಮಳೆಗಾಲದಲ್ಲಿ! ಗಾಳಿಯಾಡದೆ ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟು ಬರುತ್ತದೆ. ಮೊದಲು ಬೈಂಡಿನ ಅಂಟು, ಕ್ಯಾಲಿಕೋ ಬಟ್ಟೆಯ ಮೇಲೆ ಬೂದುಬಣ್ಣದ ಚುಕ್ಕೆ, ಆಮೇಲೆ ಹಾಳೆ. ಜೂನ್‌ನಲ್ಲಿ ಬೀಗ ಹಾಕಿ ಅಕ್ಟೋಬರ್‌ನಲ್ಲಿ ತೆಗೆದರೆ 'ಹಾಳಾಗಿದೆ, ರದ್ದುಮಾಡಿ' ಎಂಬ ಷರಾ ಬರೆಯುವುದು ಎಲ್ಲರಿಗೂ ಸುಲಭ.